ನಾಲ್ಕು ಸೆಕೆಂಡು ತಡವಾಗಿ ಬರುತ್ತಿದ್ದ ಮಾತು

ಎರಡು ವರ್ಷಗಳ ಹಿಂದೆ ನಾನು ಬೆಳ್ಳಾರೆ ಪೇಟೆಯಲ್ಲಿ, ಚಪ್ಪಲಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿದ್ದೆ. ಮಾತು, ಚಿತ್ರ ಗುರುತಿಸಲು ಕಲಿತ ಡೀಪ್ ಲರ್ನಿಂಗ್ ಮಾಡೆಲ್‌ಗಳು ಕಂಪ್ಯೂಟರಿನೊಳಗೆ ಭಾರೀ ಲೆಕ್ಕ ಮಾಡುವ ಜಿಪಿಯು ಎಂಬ ಚಿಪ್ಪಿನ ಮೇಲೆ ಬೇಗ ಓಡುವಂತೆ ಮಾಡಿಕೊಡುವುದು ನನ್ನ ಕೆಲಸ. ವ್ಯವಹಾರವೆಲ್ಲ ಇಮೇಲಿನಲ್ಲೇ. ಕೆಲವು ದಿನ ನಾನು ಬಾಯಿಬಿಟ್ಟು ಆಡಿದ ಮಾತೆಂದರೆ ಹೋಟೆಲಿನಲ್ಲಿ "ಒಂದು ಚಾ" ಎಂಬುದಷ್ಟೇ.

ಆಗ ಕಾಣಿಯೂರಿನ ಕಡೆಯ ಒಂದು ಪಿಯು ಕಾಲೇಜಿನ ಪ್ರಾಂಶುಪಾಲರು ಫೋನ್ ಮಾಡಿದರು. ಅವರಲ್ಲಿ ಅರ್ಥಶಾಸ್ತ್ರ ಕಲಿಸುವ ಜುಬೈದಾ ಟೀಚರಿಗೆ ಜ್ವರವೊಂದರ ನಂತರ ಕಿವಿ ಪೂರ್ತಿ ಹೋಗಿತ್ತು. ಮಕ್ಕಳ ಮಾತನ್ನು ಅಕ್ಷರ ಮಾಡಿ ಮೇಜಿನ ಪರದೆಯಲ್ಲಿ ತೋರಿಸುವ ಒಂದು ಮಾಡೆಲ್ಲನ್ನು ಬೆಂಚುಗಳ ಮೇಲೆ ಮೈಕು ತೂಗಿಸಿ ತರಗತಿಯ ಕಂಪ್ಯೂಟರಿಗೆ ಹಾಕಿಸಿದ್ದರು. "ಅದು ತುಂಬಾ ತಡ ಮಾರಾಯ್ರೆ. ಈ ಟರ್ಮಿನೊಳಗೆ ಸರಿಯಾಗದಿದ್ರೆ ಟೀಚರನ್ನು ಲೈಬ್ರರಿಗೆ ಹಾಕುದೇ ದಾರಿ" ಎಂದರು.

ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹುಡುಗಿಯೊಬ್ಬಳ ಪ್ರಶ್ನೆ ಪರದೆಗೆ ಬರಲು ನಾಲ್ಕು ಸೆಕೆಂಡು ಬೇಕಾಯಿತು. ಪ್ರಶ್ನೆ ಉದ್ದವಾದರೆ ಇಪ್ಪತ್ತು ಸೆಕೆಂಡಾದರೂ ಪರದೆ ಖಾಲಿ. ತರಗತಿ ಮುಗಿದ ಮೇಲೆ ಟೀಚರ್ ಹೇಳಿದರು: "ಮಕ್ಕಳು ನಗಾಡುವಾಗ ನಾನು ಸುಮ್ಮನೆ. ನಾನು ನಗಾಡುವಾಗ ಅವರು ಸುಮ್ಮನೆ. ಎಂತ ಮಾಡುದು ಹೇಳಿ?"

ಕಾರಣ ಸಿಕ್ಕಿತು. ಮಾಡೆಲ್ಲಿನ ಲೆಕ್ಕಾಚಾರವನ್ನು ಜಿಪಿಯುವಿಗೆ ಒಗ್ಗುವ ಆದೇಶಗಳಾಗಿ ಬದಲಾಯಿಸುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಇಲ್ಲಿ ಅದು ಪಾಠದ ನಡುವೆಯೇ ಆಗುತ್ತಿತ್ತು. ಚಿಕ್ಕದಿರಲಿ ದೊಡ್ಡದಿರಲಿ, ಬೇರೆ ಉದ್ದದ ಮಾತು ಬಂದಾಗಲೆಲ್ಲ ಮತ್ತೆ ಮೊದಲಿನಿಂದ. ಅತಿ ಚಿಕ್ಕ ಮಾತಿನಿಂದ ಅತಿ ಉದ್ದದ ಮಾತಿನವರೆಗಿನ ಮಿತಿಯನ್ನು ಮೊದಲೇ ತಿಳಿಸಿ, ಎಲ್ಲವನ್ನೂ ಮುಂಗಡವಾಗಿ ಕಂಪೈಲ್ ಮಾಡಿ ಒಂದು ಫೈಲಾಗಿ ಇಟ್ಟುಬಿಟ್ಟರೆ, ತರಗತಿಯಲ್ಲಿ ಅದನ್ನು ತೆರೆದು ಓಡಿಸುವುದಷ್ಟೇ ಉಳಿಯುತ್ತದೆ.

ಒಂಬತ್ತು ದಿನ ಕೋಣೆಯಲ್ಲೇ ಕೂತು ಅದನ್ನು ಸಿದ್ಧಪಡಿಸಿದೆ. ನನ್ನ ಕಂಪ್ಯೂಟರಿನಲ್ಲಿ ಮಾತು ಅರ್ಧ ಸೆಕೆಂಡಿನೊಳಗೆ ಬಂತು. ಹಿಗ್ಗಿದೆ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕಾಲೇಜಿಗೆ ಒಯ್ದರೆ ಫೈಲು ತೆರೆಯಲೇ ಇಲ್ಲ. ಅಲ್ಲಿನ ಜಿಪಿಯು ಎರಡು ತಲೆಮಾರು ಹಳೆಯದು. ನನ್ನ ಜಿಪಿಯುವಿಗಾಗಿ ಸಿದ್ಧವಾದದ್ದು ಅದಕ್ಕೆ ತಿಳಿಯುತ್ತಿರಲಿಲ್ಲ. ಕೇಳಿ ತಿಳಿಯಬೇಕಿದ್ದ ಮೊದಲ ಸಂಗತಿಯನ್ನೇ ನಾನು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಟೀಚರ್ ನನ್ನ ಮುಖ ನೋಡಿ ಹೊರಟುಹೋದರು.

ಮರುದಿನ ಭಾನುವಾರ. ಕಾವಲುಗಾರ ತರಗತಿಯ ಬಾಗಿಲು ತೆರೆದುಕೊಟ್ಟ. ಖಾಲಿ ಬೆಂಚುಗಳ ಎದುರು ಕೂತು ಆ ಕಂಪ್ಯೂಟರಿನಲ್ಲೇ ಮತ್ತೆ ಕಂಪೈಲ್ ಮಾಡಿದೆ. ಎರಡು ಸಲ ಜಿಪಿಯುವಿನ ಮೆಮೊರಿ ಸಾಲದೆ ನಿಂತಿತು. ಮಾತಿನ ಗರಿಷ್ಠ ಉದ್ದವನ್ನು ಕಡಿಮೆ ಮಾಡಿದ ಮೇಲೆ ಮೂರನೆಯ ಸಲ ಮುಗಿಯಿತು. ಪರೀಕ್ಷಿಸಲು ಯಾರಾದರೂ ಮಾತಾಡಬೇಕಲ್ಲ, ಮೈಕಿನ ಕೆಳಗೆ ನಿಂತು ನಾನೇ ಒಂದು ಗಂಟೆ ಮಾತಾಡಿದೆ. ಅಷ್ಟು ಮಾತು ಆ ತಿಂಗಳಿಡೀ ಆಡಿರಲಿಲ್ಲ.

ಸೋಮವಾರ ಪಾಠದ ನಡುವೆ ಹಿಂದಿನ ಬೆಂಚಿನಿಂದ ಪಿಸುಮಾತು ಬಂತು: "ಟೀಚರಿಗೆ ಕೇಳುದಿಲ್ಲ ಮಾರಾಯ, ನೀನು ಹೇಳು."

ಟೀಚರ್ ಪರದೆಯಿಂದ ತಕ್ಷಣ ತಲೆಯೆತ್ತಿದರು. "ಈಗ ಕೇಳ್ತದೆ. ಹೇಳು, ನನಗೂ ಬೇಕು."

ಆಮೇಲೆ ಪ್ರಾಂಶುಪಾಲರು ಮತ್ತೆ ಲೈಬ್ರರಿಯ ಮಾತೆತ್ತಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೇ ನಿಂತಿದ್ದೆವು. "ನಿಮ್ಮ ಮನೆಯಲ್ಲಿ ಯಾರೆಲ್ಲ ಉಂಟು ಸರ್?" ಎಂದು ಟೀಚರ್ ಕೇಳಿದರು. ಉತ್ತರಿಸಲು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದೆ. ಪರದೆ ತರಗತಿಯಲ್ಲೇ ಉಳಿದಿತ್ತು. ಚೀಟಿಯೊಂದರಲ್ಲಿ "ನಾನೊಬ್ಬನೇ" ಎಂದು ಬರೆದು ತೋರಿಸಿದೆ.

ಅವರು ಓದಿದರು. "ನಮ್ಮಲ್ಲಿ ಆರು ಜನ ಉಂಟು" ಎಂದರು. "ಊಟಕ್ಕೆ ಕೂತರೆ ನಾನೂ ಒಬ್ಬಳೇ." ಅಷ್ಟರಲ್ಲಿ ಅವರು ಹತ್ತಬೇಕಿದ್ದ ಪುತ್ತೂರಿನ ಬಸ್ಸು ಬಂತು.

ಈಗಲೂ ಪ್ರತಿ ವರದಿಯ ಕೊನೆಗೆ ಕೆಲಸ ಮುಗಿದಿದೆ ಎಂದು ಬರೆಯುತ್ತೇನೆ. ಎಲ್ಲಿಯವರೆಗೆ ಮುಗಿದಿದೆ ಎಂಬುದನ್ನೂ ಕೆಳಗೆ ಒಂದು ಸಾಲಿನಲ್ಲಿ ಬರೆಯುವುದನ್ನು ಆ ಸಂಜೆ ಕಲಿತೆ. ಆ ಕಾಲೇಜಿನ ವರದಿಯಲ್ಲಿ ಆ ಸಾಲು: "ತರಗತಿಯ ಬಾಗಿಲಿನವರೆಗೆ."