ಗಂಡು ದೆವ್ವ ಎಂದಾಗ ನಾನು ಸುಮ್ಮನಿದ್ದೆ

ಮನೆಯಲ್ಲಿ ನಿಜ ಗೊತ್ತಿದ್ದವನು ನಾನೊಬ್ಬನೇ. ಹೇಳಬೇಕಾದ ದಿನ ಹೇಳಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಬಾಯಿ ತೆರೆಯಲು ಅಷ್ಟು ಸಾಕಿತ್ತು.

ವಕ್ಕಲೇರಿ ಕಡೆಯ ನಮ್ಮೂರಲ್ಲಿ ಅಕ್ಕ ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದಳು. ಅಲ್ಲಿ ಹಾಲು ಅಳೆಯುತ್ತಿದ್ದವಳು ಅವಳ ಗೆಳತಿ. ಎಷ್ಟೋ ದಿನ ನಮ್ಮಲ್ಲೇ ಉಂಡು, ಅಕ್ಕನ ಕೋಣೆಯಲ್ಲೇ ಮಲಗುತ್ತಿದ್ದಳು. "ನನ್ ಮಗ್ಳು ಒಬ್ಬ ಹುಡುಗನ್ನೂ ತಲೆಯೆತ್ತಿ ನೋಡಲ್ಲಮ್ಮಾ" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ಅಷ್ಟು ನಿಜವನ್ನು ಅಮ್ಮ ಆಮೇಲೆಂದೂ ಆಡಲಿಲ್ಲ.

ಸೋದರಮಾವನಿಗೆ ಕೊಡುವ ಮಾತು ಬಂದಾಗ ಅಕ್ಕ ಒಲ್ಲೆ ಎಂದಳು. ನನ್ನನ್ನು ಕೊಟ್ಟಿಗೆಗೆ ಕರೆದು, "ಬದುಕಿದ್ರೆ ಅವಳ ಜೊತೇನೇ ಕಣೋ, ಗಂಡ ಹೆಂಡ್ತಿ ಹಂಗೆ. ಅಮ್ಮಂಗೆ ನೀನೇ ಹೇಳು, ನಿನ್ ಮಾತು ಕೇಳ್ತಾಳೆ" ಎಂದಳು. ಹೂಂ ಎಂದೆ. ಹೂಂ ಎನ್ನುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಇವತ್ತು ನಾಳೆ ಎನ್ನುವಷ್ಟರಲ್ಲಿ ಅಮ್ಮ ಅಕ್ಕನನ್ನು ಮುಳಬಾಗಿಲು ಕಡೆಯ ದೆವ್ವ ಬಿಡಿಸುವವನ ಹತ್ತಿರ ಹೊರಡಿಸಿದಳು. ಆಟೋ ನನ್ನದೇ. ಅವನು ನಿಂಬೆಹಣ್ಣು ಕೊಯ್ದು, "ಮೊಗ ದಯ್ಯಂ ಪಟ್ಟಿಂದಮ್ಮಾ" ಎಂದು ತೆಲುಗಿನಲ್ಲಿ ಹೇಳಿದ. ಗಂಡು ದೆವ್ವವಂತೆ, ಅಕ್ಕನನ್ನು ಮೋಹಿಸಿ ಬೇರೆ ಗಂಡಸನ್ನು ಹತ್ತಿರ ಬಿಡುತ್ತಿಲ್ಲವಂತೆ. ಅಮ್ಮ ದನಿ ತಗ್ಗಿಸಿ, "ಯಾವ ಜಾತಿಯೋನು ಸ್ವಾಮಿ?" ಎಂದು ಕೇಳಿದಳು.

"ನಿಮ್ಮೋನೇ."

ಅಮ್ಮನಿಗೆ ಅರ್ಧ ಭಾರ ಇಳಿಯಿತು. ಸತ್ತವನಾದರೂ ಗಂಡಸು, ಅದರಲ್ಲೂ ನಮ್ಮವನು!

ಬೇವಿನ ಕೊಂಬೆ ತರಲು ನನ್ನನ್ನೇ ಕಳಿಸಿದರು. ಹಸಿಯಾದದ್ದನ್ನೇ ಆರಿಸಿ ತಂದೆ. ಕೆಲಸದಲ್ಲಿ ನಾನು ಅಚ್ಚುಕಟ್ಟು. "ಹೇಳು, ಯಾರು ನೀನು?" ಎಂದು ಅವನು ಹೊಡೆಯುತ್ತಿದ್ದಾಗ ಅಕ್ಕ ನನ್ನ ಕಡೆ ನೋಡಿ, "ನೀನಾದ್ರೂ ಹೇಳೋ" ಎಂದಳು. ನಾನು ಆಟೋ ಗಾಜು ಒರೆಸಲು ಹೋದೆ.

ಮೂರನೇ ದಿನ, ಅವನು ಕಟ್ಟಿದ ತಾಯತದ ಸಮೇತ ಡೇರಿಗೆಂದು ಹೋದ ಅಕ್ಕ ಮರಳಲಿಲ್ಲ, ಗೆಳತಿಯೂ ಇರಲಿಲ್ಲ. ದೆವ್ವ ಇಬ್ಬರನ್ನೂ ಎಳೆದೊಯ್ದಿತೆಂದು ಊರು ತೀರ್ಮಾನಿಸಿತು. ಎಳೆದೊಯ್ದದ್ದು ಮಾಲೂರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ.

ಅವರ ಬಾಡಿಗೆ ಕೋಣೆಗೆ ನಾನು ಹೋಗಲು ಎರಡು ವರ್ಷ ಬೇಕಾಯಿತು. ಬಾಗಿಲು ತೆರೆದ ಗೆಳತಿ ಒಳಗೆ ಕರೆಯಲಿಲ್ಲ. ಅಕ್ಕ ಅವಳ ಹಿಂದೆ ನಿಂತು, "ಏನ್ಲಾ, ಅಮ್ಮ ಇನ್ನೊಂದು ತಾಯತ ಕಳಿಸಿದ್ಳಾ?" ಎಂದಳು. ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ನನ್ನ ಬಾಯಿಂದ ಬಂದದ್ದು ಇಷ್ಟೇ:

"ನಂಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ನಿನ್ನ ಹೊಡೆಸ್ದೆ. ತಪ್ಪಾಯ್ತು. ನಿಮ್ಮಿಬ್ಬರನ್ನೂ ಕೇಳ್ಕೊಂತೀನಿ, ತಪ್ಪಾಯ್ತು."