ಸೋಪಿಗೆಂದು ತೂಗಿಟ್ಟ ಬಿಳಿ ಕಾಳು

ನನ್ನ ಸೋಪಿಗೆ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಕಿತ್ತಳೆ ಸಿಪ್ಪೆಯ ಪುಡಿ, ಮೈ ಉಜ್ಜಲು ಒಣ ಹೀರೆಕಾಯಿಯ ನಾರು. ಹೇಳಿಕೊಳ್ಳಲು ಚಂದ. ಆದರೆ ಎಣ್ಣೆ ಸೋಪಾಗಬೇಕಾದರೆ ಕಾಸ್ಟಿಕ್ ಸೋಡಾ ಬೇಕೇ ಬೇಕು, ಅದು ಚರ್ಮ ಸುಡುವಂಥದ್ದು. ಆ ಸಣ್ಣ ಬಿಳಿ ಕಾಳುಗಳನ್ನು ಕಂಡರೆ ನನಗೆ ಹಾವು ಕಂಡಷ್ಟು ಭಯ. ಕಿಟಕಿ ತೆಗೆದು, ಕನ್ನಡಕ ಹಾಕಿ, ರಬ್ಬರ್ ಕೈಗವಸು ತೊಟ್ಟೇ ನೀರಿಗೆ ಬೆರೆಸುತ್ತಿದ್ದೆ. "ಸೋಪ್ ಮಾಡಾಕತ್ತೀಯೋ, ಬಾಂಬ್ ಮಾಡಾಕತ್ತೀಯೋ?" ಎಂದು ಗಂಡ ರೇಗಿಸುತ್ತಿದ್ದ.

ಅಂದು ಮಧ್ಯಾಹ್ನ ಧನಕವಡಿ ಬಡಾವಣೆಯ ನಮ್ಮ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮರುದಿನ ಏಕಾದಶಿ, ಉಪವಾಸಕ್ಕೆ ಸಬ್ಬಕ್ಕಿಯ ಖಿಚಡಿ. ಅತ್ತೆ ಮಲಗಿದ್ದಾರೆಂದು ನೋಡಿಕೊಂಡೇ ಸೋಡಾವನ್ನು ಸ್ಟೀಲ್ ಬಟ್ಟಲಲ್ಲಿ ತೂಗಿಟ್ಟು, ಒಣಗಹಾಕಿದ್ದ ಕೈಗವಸು ತರಲು ಬಾಲ್ಕನಿಗೆ ಹೋದೆ. ಹಿಂತಿರುಗಿದರೆ ಬಟ್ಟಲು ಸಿಂಕಿನಲ್ಲಿ. ನಲ್ಲಿ ಬಿಟ್ಟಿದೆ. ಅತ್ತೆಯ ಬೆರಳು ಬಟ್ಟಲೊಳಗೆ.

"ಉಪವಾಸಕ್ಕ ಸಾಬೂದಾಣಿ ನೀನ ತಗದಿಟ್ಟೀಯಲ್ಲ, ಚಲೋ ಆತು. ತೊಳದು ನೆನಿ ಹಾಕ್ತೀನಿ. ಆದ್ರ ಇದ್ಯಾಕ ಬಿಸಿ ಆಗಾಕತ್ತದ?"

ಸಿಂಕಿನಲ್ಲೆಲ್ಲ ಅದೇ ಸೋಡಾ ನೀರು. ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದು ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಬೆರಳ ತುದಿಗಳು ಜಾರುತ್ತಿದ್ದವು. ಎಣ್ಣೆಯನ್ನು ಸೋಪು ಮಾಡುವ ಸೋಡಾ ಅತ್ತೆಯ ಚರ್ಮದ ಮೇಲೆ ಅದೇ ಕೆಲಸ ಶುರು ಮಾಡಿತ್ತು. ಜಾರು ಹೋಗುವ ತನಕ ನೀರು ಬಿಟ್ಟೆ, ಹೋದ ಮೇಲೂ ಬಿಟ್ಟೆ. ಪುಣ್ಯಕ್ಕೆ ಬರೀ ಕೆಂಪಾಗಿತ್ತು.

ಭಯ ಇಳಿಯುತ್ತಿದ್ದಂತೆ ಸಿಟ್ಟು ಏರಿತು. "ಅತ್ತಿ, ಇಷ್ಟ ಸಣ್ಣ ಸಾಬೂದಾಣಿ ಎಲ್ಲಾದ್ರೂ ಇರ್ತದೇನ್ರಿ? ಕಣ್ಣ ಕಾಣಂಗಿಲ್ಲೇನ್ರಿ?"

ಗದರಿಸುವಾಗ ಬಾಯಿಗೆ ಬರುವ ಮಾತು ಅದು, ಉತ್ತರ ಬೇಕೆಂದು ಕೇಳಿದ್ದಲ್ಲ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು.

"ಕಾಣತದ. ಎಲ್ಲಾ ಬೆಳ್ಳಗ ಕಾಣತದ." ಆಮೇಲೆ ದನಿ ತಗ್ಗಿಸಿ ಅಂದರು, "ನನ್ನ ಮಗಗ ಹೇಳಬ್ಯಾಡ ಯವ್ವಾ. ಒಲಿ ಮುಂದ ನಿಲ್ಲಾಕ ಬಿಡಂಗಿಲ್ಲ."

ಇದೇ ಕಣ್ಣಲ್ಲಿ ದಿನವೂ ಒಗ್ಗರಣೆ ಹಾಕುತ್ತಿದ್ದರು, ಈಳಿಗೆಯ ಮುಂದೆ ಕೂರುತ್ತಿದ್ದರು, ಒಬ್ಬರೇ ರಸ್ತೆ ದಾಟಿ ಗುಡಿಗೆ ಹೋಗಿಬರುತ್ತಿದ್ದರು. ನಾನೋ, ಕಾಸ್ಟಿಕ್ ಡಬ್ಬಿಯೊಂದನ್ನೇ ಕಾಯುತ್ತಿದ್ದೆ.

ಸಂಜೆ ಗಂಡ ಚಪ್ಪಲಿ ಬಿಡುವಷ್ಟರಲ್ಲೇ ಹೇಳಿಬಿಟ್ಟೆ. ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನ ಹೊಟ್ಟ್ಯಾಗ ಒಂದ ಮಾತರ ನಿಲ್ಲತದೇನ?" ಎಂದು ಶುರು ಮಾಡಿದರು. ಕಿಟಕಿಯ ಬಿಳಿ ಪರದೆಯ ಹತ್ತಿರ ನಿಂತಿದ್ದ ನಾನು ತುಟಿಪಿಟಕ್ಕೆನ್ನದೆ ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಸರಿದೆ. ಗಂಡ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ತಾಯಿಯನ್ನು ನೋಡಿದ. ಅತ್ತೆ ಪರದೆಯತ್ತ ಕೆಂಪು ಬೆರಳು ಚಾಚಿ ನನ್ನನ್ನು ಬೈಯುತ್ತಲೇ ಇದ್ದರು.