ಎಂಬತ್ತು ದಾಟಿದರೆ ನಡುಗುವ ಕಾರು

ನಮ್ಮ ಮನೆಯಲ್ಲಿ ಕಾರನ್ನು ದಿನಾ ಓಡಿಸುವವಳು ನಾನೊಬ್ಬಳು, ಕಾರಿನ ಬಗ್ಗೆ ತಿಳಿದವರು ಮಾತ್ರ ಉಳಿದೆಲ್ಲರೂ. ಜಮಖಂಡಿಯಿಂದ ವಿಜಯಪುರದ ಕಚೇರಿಗೆ ಅದರಲ್ಲೇ ಹೋಗಿ ಬರುತ್ತೇನೆ. ನಮ್ಮ ಮನೆಯವರು ಊರಲ್ಲೇ ಕಾಲೇಜಿನ ಕ್ಲರ್ಕು. ಅವರು ಸ್ಟೇರಿಂಗ್ ಹಿಡಿಯುವುದು ಸಂತೆಗೆ, ಇಲ್ಲವೇ ದೇವರಿಗೆ.

ಟೈರು ಸವೆದಿದ್ದವು, ನಾಲ್ಕೂ ಹೊಸವು ಹಾಕಿಸಿದೆ. ಹೊಸದೇನೇ ಬಂದರೂ ಸಾವಳಗಿಯ ನಮ್ಮ ಹೊಲದಲ್ಲಿರುವ ಬೀರಪ್ಪನ ಗುಡಿಗೆ ಮೊದಲು ತೋರಿಸಬೇಕು. ಅದು ಎಮ್ಮೆಯಾದರೂ ಸರಿ, ಮಿಕ್ಸರ್ ಆದರೂ ಸರಿ. ಅಂದೇ ಸಂಜೆ ಮಾವನವರು ನಮ್ಮವರನ್ನು ಕರೆದುಕೊಂಡು ಕಾರು ಸಮೇತ ಹೋದರು. ನಿಂಬೆಹಣ್ಣು ತುಳಿಸಿ, ಟೈರಿಗೆ ಭಂಡಾರದ ಅರಿಶಿನ ಬಳಿದು, ಮರಳಿ ಬಂದು ಕಾರನ್ನು ಮದುಮಗನಂತೆ ತೊಳೆದು ನಿಲ್ಲಿಸಿದರು.

ಮರುದಿನ ಕೃಷ್ಣೆಯ ಸೇತುವೆ ದಾಟಿ ರಸ್ತೆ ನೇರವಾಯಿತು. ಮುಳ್ಳು ಎಂಬತ್ತು ಮುಟ್ಟಿದ್ದೇ ತಡ, ಸ್ಟೇರಿಂಗ್ ಗಡಗಡ ನಡುಗಿತು, ಕೆಳಗಿನಿಂದ ಗುಂಯ್ ಎಂಬ ಸದ್ದು ಬೇರೆ. ಅರವತ್ತಕ್ಕೆ ಇಳಿಸಿದರೆ ಏನೂ ಇಲ್ಲ.

ಮನೆಗೆ ಬಂದು ಹೇಳಿದೆ. ನಮ್ಮವರು ಕಾರನ್ನು ಬಸ್‌ಸ್ಟ್ಯಾಂಡ್‌ತನಕ ಒಯ್ದು, ಎಮ್ಮೆಗಳ ಹಿಂದೆ ನಿಧಾನಕ್ಕೆ ಸಾಗಿ, ಬದನೆಕಾಯಿ ತಂದು, ಗಾಡಿಗೆ ಏನೂ ಆಗಿಲ್ಲವೆಂದು ತೀರ್ಪು ಕೊಟ್ಟರು. ಎಂಬತ್ತರಲ್ಲಿ ಮಾತ್ರ ನಡುಗುತ್ತದೆ ಎಂದರೆ, ಎಂಬತ್ತರಲ್ಲಿ ಹೋಗು ಎಂದು ನಿನಗೆ ಯಾರು ಹೇಳಿದರು ಎಂದರು. ಮಾವನವರ ಬಳಿ ಗಾದೆ ಸಿದ್ಧವಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆಣ್ಣುಮಕ್ಕಳ ಹಿಡಿತ ಹಗುರ, ಅದಕ್ಕೇ ಗಾಡಿ ಹೆದರುತ್ತದೆ ಎಂಬುದು ಅವರ ಸಂಶೋಧನೆ. ಕೊನೆಗೆ ತಂದೆ ಮಗ ಕೂಡಿ ಠರಾಯಿಸಿದರು: ಬರುವ ಸೋಮವಾರದಿಂದ ಕೀಲಿ ಮಗನ ಹತ್ತಿರ, ನಾನು ಬಸ್ಸಿಗೆ.

ಬಸ್ಸು ಹಿಡಿದರೆ ನಾನು ತಲುಪುವ ಹೊತ್ತಿಗೆ ಕಚೇರಿಯಲ್ಲಿ ಮೊದಲ ಚಹಾ ಮುಗಿದಿರುತ್ತದೆ. ಕೀಲಿ ಹೋದರೆ ನೌಕರಿಯೂ ಇಂದಲ್ಲ ನಾಳೆ ಹೋಗುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಭಯವಾಯಿತು.

ಮರುದಿನ ಖಾಲಿ ರಸ್ತೆಯಲ್ಲಿ ಎಂಬತ್ತಕ್ಕೆ ಏರಿಸಿ ಗೇರನ್ನು ನ್ಯೂಟ್ರಲ್ಲಿಗೆ ತಂದೆ. ನಡುಕ ನಿಲ್ಲಲಿಲ್ಲ, ಅಂದರೆ ಇಂಜಿನ್ ನಿರಪರಾಧಿ. ಬ್ರೇಕ್ ಒತ್ತಿ ನೋಡಿದೆ, ನಡುಕ ಹೆಚ್ಚಾಗಲಿಲ್ಲ, ಅದೂ ನಿರಪರಾಧಿ. ಉಳಿದದ್ದು ಚಕ್ರ. ಟೈರಿನ ಅಂಗಡಿಯವರನ್ನು ಕೇಳಿದರೆ, ಸೀಸದ ತುಂಡು ಹಚ್ಚಿ ಚಕ್ರದ ತೂಕ ಸುತ್ತಲೂ ಸಮ ಮಾಡಿಯೇ ಕೊಟ್ಟಿದ್ದೇವೆ ಎಂದರು. ಅದು ಖರೆ, ನನ್ನ ಕಣ್ಣೆದುರೇ ಮಾಡಿದ್ದರು. ವಿಜಯಪುರದ ಆ ಅಂಗಡಿಯಿಂದ ಮನೆಗೆ ಎಂಬತ್ತರಲ್ಲೇ ಬರುವಾಗಲೂ ಕಾರು ನಡುಗಿರಲಿಲ್ಲ. ಹಾಗಾದರೆ ನಡುವೆ ಬಂದವರು ಯಾರು? ದೇವರೊಬ್ಬರೇ.

ಭಾನುವಾರ ಬೆಳಿಗ್ಗೆ ಜ್ಯಾಕ್ ಹಚ್ಚಿ ಮುಂದಿನ ಚಕ್ರ ಬಿಚ್ಚಿದೆ. ಬೀದಿಯವರು ನೋಡುತ್ತಾರೆಂದು ನಮ್ಮವರು ಒಳಗಿನಿಂದಲೇ ಸಂಕಟಪಟ್ಟರು. ಚಕ್ರದ ಹೊರಮೈ ಥಳಥಳ. ತಿರುಗಿಸಿದರೆ ಒಳಬದಿಯ ಬಟ್ಟಲಲ್ಲಿ ಒಂದೇ ಕಡೆ ಎರೆಮಣ್ಣು ರೊಟ್ಟಿಯಂತೆ ಅಂಟಿ ಒಣಗಿತ್ತು, ಅದರ ಮೇಲೆ ಭಂಡಾರದ ಹಳದಿ. ಅಂಗಡಿಯವರು ಸಮ ಮಾಡಿದ್ದ ತೂಕ ಕೆಟ್ಟದ್ದು ಇದರಿಂದಲೇ. ಅಂದು ಕಬ್ಬಿಗೆ ನೀರು ಬಿಟ್ಟಿದ್ದ ಹೊಲದಲ್ಲಿ ಗುಡಿಯ ಬಾಗಿಲತನಕ ಕಾರು ನುಗ್ಗಿಸಿದ್ದರು. ನಾಲ್ಕು ಹೆಜ್ಜೆ ನಡೆದರೆ ಭಕ್ತಿ ಕಡಿಮೆಯಾಗುತ್ತದಲ್ಲ! ಮಾವನವರನ್ನು ಕರೆದು ತೋರಿಸಿದೆ. ಅವರು ಮಣ್ಣನ್ನು ಉಗುರಿನಿಂದ ಕೆದರಿ ನೋಡಿ, “ನಮ್ಮ ಹೊಲದ್ದ ಐತಿ” ಎಂದು ಒಳಗೆ ಹೋದರು. ಕಳೆ ತೆಗೆಯುವ ಕುರ್ಚಿಗಿಯಿಂದ ನಾಲ್ಕೂ ಚಕ್ರ ಕೆರೆದೆ.

ಮಧ್ಯಾಹ್ನ ಇಬ್ಬರನ್ನೂ ಕೂರಿಸಿಕೊಂಡು ಸೇತುವೆ ದಾಟಿದೆ. ಎಂಬತ್ತಕ್ಕೆ ಏರಿಸಿದೆ. ಸ್ಟೇರಿಂಗ್ ಅಲುಗಲಿಲ್ಲ. ಹಿಂದೆ ಕುಳಿತಿದ್ದ ಮಾವನವರು ಮುಂದೆ ಬಾಗಿ ಮುಳ್ಳನ್ನೇ ನೋಡುತ್ತಿದ್ದರು. ನನಗೆ ಅಳುವಷ್ಟು ಸಂತೋಷವಾಗಿತ್ತು. ದಾರಿಯಲ್ಲಿ ಚಹಾಕ್ಕೆ ನಿಂತಾಗ ನಮ್ಮವರು ಕೈ ಚಾಚಿದರು.

“ಗಾಡಿ ಛಲೋ ಆತಲ್ಲ, ಇನ್ನ ಕೀಲಿ ತಾ. ನಾಳೆಯಿಂದ ನೀ ಬಸ್ಸಿಗೆ ಹೋಗು.”

ಕಾರಣ ಹುಡುಕಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನು ನಂಬಿದ್ದೆ. ಎಂಥ ಬುದ್ಧಿವಂತೆ ನಾನು! ಸಿಟ್ಟಿಗಿಂತ ಹೆಚ್ಚು ದುಃಖವಾಯಿತು.

“ನನ್ನ ಕೈಯಾಗ ಗಾಡಿ ನಡಗತೈತಿ ಅಂದ್ರಿ, ನಡುಕ ನಿಲ್ಲಿಸಿದೆ. ಈಗ ಯಾಕ ಬೇಕು ಕೀಲಿ, ಅದನ್ನ ಹೇಳ್ರಿ.”

ಅವರು ಚಹಾದ ದುಡ್ಡು ಕೊಡಲು ಹೋದರು. ನಾನು ಕೀಲಿ ಹಿಡಿದು ಕಾರಿನತ್ತ ನಡೆದೆ, ಅವರೂ ಹಿಂದೆ ಬಂದು ಮುಂದಿನ ಬಾಗಿಲು ತೆಗೆದರು. ಆ ಸೀಟಿನಲ್ಲಿ ಮಾವನವರು ಆಗಲೇ ಕುಳಿತು ಬೆಲ್ಟ್ ಹಾಕಿಕೊಂಡಿದ್ದರು.

“ನೀ ಹಿಂದ ಕೂಡು” ಎಂದರು ಮಗನಿಗೆ. “ಆಕಿ ನಾಳೆ ಮುಂಜಾನೆ ಗಾಡಿ ತಗೊಂಡು ಲಗೂನ ಹೋಗಬೇಕು.”